ಕ್ರೂಸರ್ ಎಂಬ ಯುದ್ಧನೌಕೆ



1914ನೆಯ ಇಸವಿ ಸೆಪ್ಟೆಂಬರ್ 22ನೆಯ ತಾರೀಖು, ಮಂಗಳವಾರ, ರಾತ್ರಿ ಒಂಬತ್ತೂವರೆ ಗಂಟೆಯ ಸಮಯ. ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡು ಏಳು ವಾರಗಳಾಗಿದ್ದುವು. ಆದರೂ ಮದರಾಸಿನಲ್ಲಿ ದೀಪಗಳು ಎಂದಿನಂತೆ ಉರಿಯುತ್ತಿದ್ದುವು; ಬಂದರಿನ ದೀಪಸ್ತಂಭವೂ ಎಂದಿನಂತೆ ಕಡಲಿಗೆ ಬೆಳಕು ಬೀರುತ್ತಿದ್ದಿತು. ಯುದ್ಧವೆಂಬುದು ಸಾವಿರಾರು ಮೈಲಿ ಆಚೆಯ ಸಂಗತಿ, ಪತ್ರಿಕೆಗಳಲ್ಲಿ ಓದತಕ್ಕದ್ದು ಎಂದೇ ಪಟ್ಟಣದವರ ಭಾವನೆಯಾಗಿದ್ದಿತು. ಆಗ ಕತ್ತಲೆಯ ಕಡಲಿನಿಂದ ಥಟ್ಟನೆ ಬೆಳಕಿನ ಕೋಲೊಂದು ಚಾಚಿ, ದಡದ ಮೇಲಿದ್ದ ಬರ್ಮಾ ಆಯಿಲ್ ಕಂಪೆನಿಯವರ ಎಣ್ಣೆಯ ತೊಟ್ಟಿಗಳನ್ನು ತಡವಿತು. ಅದರ ಹಿಂದೆಯೇ ಗುಂಡುಗಳು ಬಂದುವು. ಅರ್ಧ ಗಂಟೆಯೊಳಗಾಗಿ ಸುಮಾರು ನೂರಿಪ್ಪತ್ತೈದು ಗುಂಡುಗಳು ಬಿದ್ದು, ತೊಟ್ಟಿಗಳು ಹೊತ್ತಿಕೊಂಡು, ಬಂದರಿನಲ್ಲಿದ್ದ ಹಡಗೊಂದರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ದಡದ ಫಿರಂಗಿಗಳು ಎಚ್ಚೆತ್ತು ಒಂದೆರಡು ಮಾತನಾಡುವಷ್ಟರಲ್ಲಿ, ಬಂದ ಹಡಗು ದೀಪವಾರಿಸಿಕೊಂಡು ಹೊರಟುಹೋಗಿದ್ದಿತು.

ಆದ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ದೊಡ್ಡದೇನಲ್ಲ. ಆದರೆ ಮರುದಿನದಿಂದ ಮದರಾಸಿನ ರೈಲುನಿಲ್ದಾಣಗಳಲ್ಲಿ ನಿಲ್ಲಲು ಸ್ಥಳವಿಲ್ಲದಾಯಿತು. ಸಾವಿರಾರು ಮಂದಿ ಹೆಂಡಿರು ಮಕ್ಕಳೊಡನೆ ಊರು ಬಿಟ್ಟು ಒಳನಾಡಿಗೆ ಹೊರಟರು. ಒಂದು ಗುಂಡು ಬಿದ್ದ ಗುರುತಿನ ಕಲ್ಲನ್ನು ಇಂದಿಗೂ ಹೈಕೋರ್ಟಿನ ಆವರಣದ ಗೋಡೆಯಲ್ಲಿ ನೋಡಬಹುದು. ಆ ಹಡಗಿನ ಹೆಸರು ‘ಎಂಡನ್’. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಆ ಹೆಸರು ಆಡುಮಾತಾಗಿ ಉಳಿದುಬಿಟ್ಟಿದೆ. ಎಲ್ಲಿಯೂ ಕೈಗೆ ಸಿಕ್ಕದ ಗಟ್ಟಿಗನಿಗೆ, ಮಿತಿಮೀರಿದ ವಸ್ತುವಿಗೆ, ಅಲ್ಲಿಯ ಜನ ಆ ಹೆಸರನ್ನಿಟ್ಟು ಮಾತನಾಡುವುದುಂಟು. ಒಂದು ನಾಡಿನ ಮಾತಿನಲ್ಲಿ ಹೆಸರು ಬಿಟ್ಟುಹೋದ ಈ ಹಡಗಾದರೋ ಜರ್ಮನ್ ನೌಕಾಬಲದ ದೊಡ್ಡ ಹಡಗುಗಳ ಪೈಕಿಯದಲ್ಲ. ಅದು ಕ್ರೂಸರ್ ಜಾತಿಯ ಚಿಕ್ಕ ಹಡಗು. ಈ ಜಾತಿಯ ಯುದ್ಧನೌಕೆ ಎಂತಹುದು, ಅದರ ಬಲ ಎಲ್ಲಿದ್ದಿತು, ಆ ಬಲ ಹೇಗೆ ಕುಂದಿತು ಎಂಬುದನ್ನು ಈ ಹೊತ್ತು ನಾವು ವಿಚಾರಮಾಡೋಣ.

ಕ್ರೂಸರ್ ಎಂಬ ಹೆಸರು ಡಚ್ಚರ ಮಾತಿನಿಂದ ಬಂದುದು. ಕಡಲನ್ನು ಅಡ್ಡಡ್ಡಲಾಗಿ ದಾಟುತ್ತ ತಿರುಗುವುದು ಎಂಬುದೇ ಅದರ ಮೂಲಾರ್ಥ. ಹೆಸರಿನಲ್ಲಿಯೇ ಕೆಲಸವೂ ಇದೆ. ಬ್ಯಾಟಲ್‌ಷಿಪ್ ಎಂಬ ಮಹಾನೌಕೆಯನ್ನು ನಮ್ಮ ಹಳೆಯ ಸೈನ್ಯದ ಪಟ್ಟದಾನೆಗೆ ಹೋಲಿಸಬಹುದು. ಅದು ನಿಂತ ಕಡೆ ನೆಲ ಅದುರುತ್ತದೆ; ಆದರೆ ಅದನ್ನು ಎಲ್ಲಿ ಬೇಕೆಂದರಲ್ಲಿಗೆ ಕಳುಹಿಸಲಾಗದು, ಒಂದನ್ನೇ ಕಳುಹಿಸುವುದಂತೂ ಅವಿವೇಕ. ಟಾರ್ಪೀಡೊ ಹೊತ್ತ ಸಣ್ಣ ಹಡಗುಗಳು ಕಾಲಾಳುಗಳ ಹಾಗೆ. ಚುರುಕಾಗಿದ್ದರೂ ನೆಲೆಯಿಂದ ಬಹುದೂರ ಹೋಗಲಾರವು. ಕ್ರೂಸರ್ ಇವೆರಡರ ನಡುವಣ ಕುದುರೆಯ ಸವಾರ. ಶತ್ರು ಎಲ್ಲಿದ್ದಾನೆಂದು ಹುಡುಕಿ ಹೇಳುವುದು, ತನ್ನವರ ಸರಕಿನ ಹಡಗುಗಳಿಗೆ ಕಾವಲು ನಿಲ್ಲುವುದು, ಶತ್ರುವಿನ ಸರಕನ್ನು ಸುಲಿಯುವುದು, ದೂರದ ಬಂದರುಗಳಲ್ಲಿ ತನ್ನ ರಾಜ್ಯದ ಬಾವುಟ ತೋರಿಸುವುದು ಇವೆಲ್ಲ ಅದರ ಪಾಲಿನ ಕೆಲಸ. ತನಗಿಂತ ಬಲಶಾಲಿಯಾದುದರಿಂದ ಓಡಿ ತಪ್ಪಿಸಿಕೊಳ್ಳುವಷ್ಟು ವೇಗ, ತನಗಿಂತ ವೇಗಶಾಲಿಯಾದುದನ್ನು ಹೊಡೆದು ಕೆಡಹುವಷ್ಟು ಬಲ ಅದಕ್ಕಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳುಗಟ್ಟಲೆ ಒಂಟಿಯಾಗಿ ಕಡಲಿನ ಮೇಲೆ ಬದುಕಿರುವ ಶಕ್ತಿ ಬೇಕು.

ಹಾಯಿಯ ಕಾಲದಲ್ಲಿ ಈ ಕೆಲಸವನ್ನು ಫ್ರಿಗೇಟ್ ಎಂಬ ಹಡಗುಗಳು ಮಾಡುತ್ತಿದ್ದುವು. ಗಾಳಿಗೆ ಬೆಲೆ ಕೊಡಬೇಕಾಗಿರಲಿಲ್ಲ. ನೀರೂ ರೊಟ್ಟಿಯೂ ಇರುವವರೆಗೆ ಹಡಗು ಎಲ್ಲಿಯಾದರೂ ಇರಬಹುದಾಗಿತ್ತು. ಉಗಿಯಂತ್ರ ಬಂದು ವೇಗವನ್ನು ಕೊಟ್ಟಿತು, ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ಇವೆರಡರ ನಡುವಣ ಕಾಲದಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ, ‘ಅಲಬಾಮ’ ಎಂಬ ಹಡಗು ಹಾಯಿಯನ್ನೂ ಉಗಿಯನ್ನೂ ಕೂಡಿಸಿಕೊಂಡು ದಕ್ಷಿಣದ ರಾಜ್ಯಗಳ ಪರವಾಗಿ ಕಡಲಿಗಿಳಿಯಿತು. ಇಂಗ್ಲೆಂಡಿನ ಬರ್ಕನ್‌ಹೆಡ್ ಎಂಬಲ್ಲಿ 1862ರಲ್ಲಿ ಅದು ನಿರ್ಮಾಣವಾಯಿತು. 1864ರ ಜೂನ್ 19ರಂದು ಫ್ರಾನ್ಸಿನ ಷೆರ್ಬೂರ್ ಬಂದರಿನೆದುರಿಗೆ ಮುಳುಗಿತು. ಆ ಎರಡು ವರ್ಷಗಳಲ್ಲಿ ಅರವತ್ತಕ್ಕೂ ಹೆಚ್ಚು ಹಡಗುಗಳನ್ನು ಹಿಡಿದಿದ್ದಿತು. ಅಂತಹ ಹಡಗನ್ನು ಕಟ್ಟಿಕೊಟ್ಟ ತಪ್ಪಿಗಾಗಿ ಬ್ರಿಟನ್ನಿನವರು 1872ರ ಜಿನೀವಾ ತೀರ್ಪಿನಂತೆ ಅಮೆರಿಕಕ್ಕೆ ಒಂದೂವರೆ ಕೋಟಿ ಡಾಲರುಗಳಿಗೂ ಮಿಗಿಲಾದ ಪರಿಹಾರ ತೆರಬೇಕಾಯಿತು. ಒಂದು ಹಡಗು ಮುಳುಗಿಸಿದ್ದು ಕೆಲವು ಹಡಗುಗಳನ್ನಾದರೂ, ಹೆದರಿಸಿದ್ದು ಒಂದು ದೇಶದ ವರ್ತಕರೆಲ್ಲರನ್ನೂ ಎಂಬುದು ಆಗಲೇ ಲೋಕಕ್ಕೆ ತಿಳಿದುಹೋಯಿತು.

ಮುಂದೆ ಹಾಯಿ ಹೋಗಿ ಕಲ್ಲಿದ್ದಲೇ ಉಳಿದಾಗ ಕ್ರೂಸರನ್ನು ಕಟ್ಟುವವರಿಗೆ ಒಂದು ದೊಡ್ಡ ಇಕ್ಕಟ್ಟು ಒದಗಿತು. ಮೈತುಂಬ ಉಕ್ಕಿನ ಕವಚ ತೊಡಿಸಿದರೆ ಭಾರ ಹೆಚ್ಚಿ ವೇಗ ಹೋಗುತ್ತದೆ. ಕವಚವೇ ಇಲ್ಲದಿದ್ದರೆ ಒಂದು ಗುಂಡು ಯಂತ್ರಕ್ಕೆ ತಾಗಿದರೂ ಹಡಗು ಕಡಲಿನ ನಡುವೆ ಹೆಣದಂತೆ ತೇಲುತ್ತದೆ. 1880ರ ದಶಕದಲ್ಲಿ ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯವರು ಚಿಲಿ ದೇಶಕ್ಕಾಗಿ ಕಟ್ಟಿಕೊಟ್ಟ ‘ಎಸ್ಮೆರಾಲ್ಡ’ ಎಂಬ ಹಡಗಿನಲ್ಲಿ ಇದಕ್ಕೊಂದು ಉಪಾಯವನ್ನು ಕಾಣಬಹುದು. ಮೈಗೆ ಕವಚ ತೊಡಿಸದೆ, ಹಡಗಿನ ಒಳಗೆ ನೀರಿನ ಮಟ್ಟದ ಹತ್ತಿರ ಆಮೆಯ ಚಿಪ್ಪಿನಂತೆ ಬಾಗಿದ ಉಕ್ಕಿನ ಮಾಳಿಗೆಯೊಂದನ್ನು ಹಾಸಿ, ಅದರಡಿಯಲ್ಲಿ ಯಂತ್ರಗಳನ್ನೂ ಮದ್ದುಗುಂಡನ್ನೂ ಇಟ್ಟರು. ಪಕ್ಕಗಳಲ್ಲಿ ಕಲ್ಲಿದ್ದಲ ಕೋಣೆಗಳು. ಒಳಗೆ ನುಗ್ಗುವ ಗುಂಡು ಕಲ್ಲಿದ್ದಲಿನ ರಾಶಿಯಲ್ಲಿ ಹೂತು ವೇಗ ಕಳೆದುಕೊಳ್ಳಲಿ ಎಂಬುದು ಅಭಿಪ್ರಾಯ. ಒಲೆಗೆ ಹಾಕುವುದೇ ಗೋಡೆಯೂ ಆಯಿತು! ಆದರೆ ಹಡಗು ಮುಂದೆ ಹೋದಷ್ಟೂ ಈ ಗೋಡೆ ಸವೆಯುತ್ತಿದ್ದಿತೆಂಬುದನ್ನು ಮರೆಯಬಾರದು. ಮುಂದೆ ಪಕ್ಕಗಳಿಗೂ ಕವಚ ತೊಡಿಸಿದ ದೊಡ್ಡ ಕ್ರೂಸರುಗಳೂ, ಮಹಾನೌಕೆಯ ಫಿರಂಗಿಗಳನ್ನೇ ಹೊತ್ತ ಬ್ಯಾಟಲ್‌ಕ್ರೂಸರುಗಳೂ ಬಂದುವು. ಅವುಗಳ ಕಥೆಯೇ ಬೇರೆ. ಅದನ್ನು ಇಲ್ಲಿ ಎತ್ತುವುದಿಲ್ಲ.

‘ಎಂಡನ್’ ಹಡಗು 1908ರಲ್ಲಿ ಡಾನ್ಜಿಗ್ ಪಟ್ಟಣದ ಕಟ್ಟೆಯಿಂದ ನೀರಿಗಿಳಿಯಿತು. ಉದ್ದ 118 ಮೀಟರು. ತೂಕ ಸುಮಾರು 3,600 ಟನ್ನು. ಹತ್ತು ಫಿರಂಗಿಗಳು, ಅವುಗಳ ಬಾಯಿಯ ಅಗಲ 10.5 ಸೆಂಟಿಮೀಟರು, ಎಂದರೆ ನಾಲ್ಕು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ವೇಗ ಗಂಟೆಗೆ ಇಪ್ಪತ್ತಮೂರು ನಾಟಿಗಿಂತ ಮಿಗಿಲು. ಜನ ಮುನ್ನೂರೈವತ್ತರ ಮೇಲೆ. ಚೀನಾದ ಕರಾವಳಿಯಲ್ಲಿ ಜರ್ಮನರ ವಶದಲ್ಲಿದ್ದ ಸಿಂಗ್‌ಟೌ ಅದರ ನೆಲೆ. ಯುದ್ಧ ಆರಂಭವಾದಾಗ ಅಡ್ಮಿರಲ್ ಫಾನ್ ಸ್ಪೇ ಎಂಬಾತನು ತನ್ನ ಹಡಗುಗಳನ್ನೆಲ್ಲ ಪೆಸಿಫಿಕ್ ಸಾಗರದ ಪಾಗನ್ ದ್ವೀಪದ ಬಳಿ ಸೇರಿಸಿ ಆಲೋಚನೆ ಮಾಡಿದನು. ದಂಡನ್ನೆಲ್ಲ ದಕ್ಷಿಣ ಅಮೆರಿಕದ ಕಡೆಗೆ ಒಯ್ಯುವುದೆಂದು ನಿಶ್ಚಯವಾಯಿತು. ‘ಎಂಡನ್’ ಕಪ್ತಾನ ಕಾರ್ಲ್ ಫಾನ್ ಮ್ಯುಲ್ಲರ್ ತನ್ನದೊಂದನ್ನು ಮಾತ್ರ ಹಿಂದೂ ಮಹಾಸಾಗರಕ್ಕೆ ಕಳುಹಿಸಬೇಕೆಂದು ಸಲಹೆ ಮಾಡಿದನು. ಅಡ್ಮಿರಲನು ಒಪ್ಪಿ, ಕಲ್ಲಿದ್ದಲು ತುಂಬಿದ ಹಡಗೊಂದನ್ನು ಜತೆಗೆ ಕೊಟ್ಟನು. ಆ ಮಹಾಸಾಗರದ ಸುತ್ತ ಏಡನ್, ಕೊಲಂಬೊ, ಸಿಂಗಪುರ ಮೊದಲಾದ ಕಲ್ಲಿದ್ದಲ ಠಾಣ್ಯಗಳೆಲ್ಲ ಇಂಗ್ಲಿಷರವು. ಇದನ್ನು ಬಲ್ಲವನಾಗಿಯೇ ಮ್ಯುಲ್ಲರ್ ಹೊರಟನು. ಧೈರ್ಯವೆಂದರೆ ಗುಂಡಿಗೆ ಎದೆಯೊಡ್ಡುವುದೊಂದೇ ಎಂದು ತಿಳಿದವರು ಈ ಲೆಕ್ಕವನ್ನೂ ಸ್ವಲ್ಪ ಗಮನಿಸಬೇಕು.

ಹಡಗಿನ ಹೊಟ್ಟೆಯಲ್ಲಿ ಹಿಡಿಯುತ್ತಿದ್ದುದು ಎಂಟುನೂರು ಟನ್ನಿನ ಆಸುಪಾಸಿನ ಕಲ್ಲಿದ್ದಲು. ಮೆಲ್ಲನೆ ಹೋದರೆ ಅದು ಹಲವು ದಿನ ಬಂದೀತು. ಪೂರ್ಣ ವೇಗದಿಂದ ಓಡಿದರೆ ಬೇಗನೆ ಬೂದಿಯಾಗುವುದು. ಆದುದರಿಂದ ಮೂರು ಕೊಳವೆಗಳ ಈ ಹಡಗಿನ ದಿನಚರಿಯಲ್ಲಿ ಯುದ್ಧಕ್ಕಿಂತ ಕಲ್ಲಿದ್ದಲು ತುಂಬುವುದೇ ಹೆಚ್ಚಿನ ಭಾಗ. ಯಾರೂ ಬಾರದ ದ್ವೀಪದ ಮರೆಯಲ್ಲಿ ಎರಡು ಹಡಗುಗಳನ್ನು ಒಂದಕ್ಕೊಂದು ಕಟ್ಟಿ, ಅಲೆಗೆ ಅವು ಡಿಕ್ಕಿ ಹೊಡೆಯುತ್ತಿರಲು, ಸಮಭಾಜಕವೃತ್ತದ ಬಿಸಿಲಿನಲ್ಲಿ ಅಧಿಕಾರಿಗಳೂ ಆಳುಗಳೂ ಮೂಟೆ ಹೊತ್ತರು. ಒಳಗೆ ಹಿಡಿಸದುದನ್ನು ಮಾಳಿಗೆಯ ಮೇಲೆಯೇ ರಾಶಿಹಾಕಿಕೊಂಡರು. ಸೆಪ್ಟೆಂಬರ್ 10ರಂದು ಬಂಗಾಳ ಕೊಲ್ಲಿಯಲ್ಲಿ ಮೊದಲು ಸಿಕ್ಕಿದುದು ಗ್ರೀಕರ ‘ಪಾಂಟೊಪೊರೊಸ್’; ಅದರಲ್ಲಿ ತುಂಬಿದ್ದುದು ಕಲ್ಕತ್ತೆಯಿಂದ ಹೊರಟ ನಮ್ಮ ಬಂಗಾಳದ ಕಲ್ಲಿದ್ದಲೇ. ಆದರೆ ಅದು ಶಾಖ ಕೊಡುವುದು ಕಡಿಮೆ, ಕರಿಹೊಗೆ ಬಿಡುವುದು ಹೆಚ್ಚು. ಅಡಗಿ ತಿರುಗುವವನಿಗೆ ಹೊಗೆ ಎಂದರೆ ಶತ್ರು. ಅದೇ ತಿಂಗಳ ಕೊನೆಯಲ್ಲಿ ಸಿಂಹಳದ ಪಶ್ಚಿಮಕ್ಕೆ ‘ಬುರೆಸ್ಕ್’ ಎಂಬ ಹಡಗು ಒಳ್ಳೆಯ ವೇಲ್ಸ್ ಕಲ್ಲಿದ್ದಲನ್ನು ಹೊತ್ತು ಕೈಗೆ ಸಿಕ್ಕಿದಾಗ ಅವರಿಗಾದ ಸಂತೋಷ ಚಿನ್ನದ ಹಡಗು ಸಿಕ್ಕಿದ್ದರೂ ಆಗುತ್ತಿರಲಿಲ್ಲ.

ಬಂಗಾಳ ಕೊಲ್ಲಿಯಲ್ಲಿ ‘ಇಂಡಸ್’, ‘ಲೋವಟ್’, ‘ಕಿಲ್ಲಿನ್’, ‘ಡಿಪ್ಲೊಮ್ಯಾಟ್’ ಒಂದರ ಹಿಂದೊಂದು ಕೈಗೆ ಬಿದ್ದುವು. ‘ಇಂಡಸ್’ ಹಡಗಿನಲ್ಲಿ ಸಾಬೂನು ಹೇರಳವಾಗಿ ದೊರೆಯಿತು. ಕಲ್ಲಿದ್ದಲಿನ ಮಸಿಯಲ್ಲಿಯೇ ಮುಳುಗಿದ್ದ ಆ ಜನರಿಗೆ ಅದರ ಬೆಲೆ ಗೊತ್ತು. ‘ಡಿಪ್ಲೊಮ್ಯಾಟ್’ ತುಂಬ ಚಹ. ಅದೆಲ್ಲವೂ ಸಮುದ್ರದ ಪಾಲಾಯಿತು. ಕ್ಯಾನ್ವಾಸಿನಿಂದಲೂ ಮರದಿಂದಲೂ ಒಂದು ಸುಳ್ಳು ಕೊಳವೆಯನ್ನು ಮಾಡಿ ಮೂರರ ಜತೆಗೆ ನಾಲ್ಕನೆಯದಾಗಿ ನಿಲ್ಲಿಸಿಕೊಂಡಿದ್ದುದರಿಂದ, ದೂರದಿಂದ ನೋಡುವವರಿಗೆ ಅದು ‘ಯಾರ್ಮತ್’ ಎಂಬ ಇಂಗ್ಲಿಷರ ಕ್ರೂಸರಿನ ಹಾಗೆ ಕಾಣುತ್ತಿದ್ದಿತು. ಹಿಡಿದ ಹಡಗುಗಳಲ್ಲಿ ದೊರೆತ ಪತ್ರಿಕೆಗಳನ್ನು ಓದಿ, ಮುಂದೆ ಯಾವ ಹಡಗು ಎಂದು ಹೊರಡುವುದೆಂದು ತಿಳಿದುಕೊಳ್ಳುತ್ತಿದ್ದರು. ವರ್ತಕರ ಅನುಕೂಲಕ್ಕಾಗಿ ಅಚ್ಚಾದ ವಾರ್ತೆ ಬೇಟೆಗಾರನಿಗೂ ಅನುಕೂಲವಾಯಿತು.

ಮ್ಯುಲ್ಲರನು ಸರಕಿನ ಹಡಗುಗಳ ಜನರನ್ನು ಕೊಲ್ಲಲಿಲ್ಲ. ಅವರನ್ನು ಇಳಿಸಿಕೊಂಡ ಮೇಲೆಯೇ ಹಡಗನ್ನು ಮುಳುಗಿಸುತ್ತಿದ್ದನು; ಸೆರೆಯವರು ಹೆಚ್ಚಾದಾಗ ಒಂದು ಹಡಗನ್ನು ಮುಳುಗಿಸದೆ ಉಳಿಸಿ, ಎಲ್ಲರನ್ನೂ ಅದರಲ್ಲಿ ತುಂಬಿ ಬಿಟ್ಟುಬಿಡುತ್ತಿದ್ದನು. ಆ ಕಾಲದಲ್ಲಿ ಇಂಗ್ಲಿಷರ ವ್ಯಾಪಾರದ ಹಡಗುಗಳ ಒಲೆಗೆ ಕಲ್ಲಿದ್ದಲೆಸೆಯುವ ಕೆಲಸದಲ್ಲಿಯೂ ಹಗ್ಗ ಎಳೆಯುವ ಕೆಲಸದಲ್ಲಿಯೂ ಇದ್ದ ಬಹುಮಂದಿ ನಮ್ಮ ದೇಶದ ಲಸ್ಕರರು. ಯಾರ ಯುದ್ಧವೋ, ಯಾರ ಸರಕೋ. ಕಡಲಿನ ಮೇಲೆ ಇದ್ದವರು ಅವರು. ಅವರು ಬದುಕಿ ಮನೆ ಸೇರಿದುದು ಈ ಶತ್ರುವಿನ ನಡತೆಯಿಂದ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಇಂಗ್ಲಿಷ್ ಪತ್ರಿಕೆಗಳು ಕೂಡ ಮ್ಯುಲ್ಲರನನ್ನು ಹೊಗಳಿದುವು. ಈ ಹೊಗಳಿಕೆಯನ್ನು ನಾವು ಸ್ವಲ್ಪ ತಡೆದು ಒಪ್ಪುತ್ತೇವೆ; ಕಾರಣವನ್ನು ಮುಂದೆ ಹೇಳುವೆವು.

ಈಗ ಈ ಹಡಗಿನ ನಿಜವಾದ ರಕ್ಷಣೆ ಯಾವುದೆಂಬುದನ್ನು ನೋಡಬೇಕು. ಅದನ್ನು ಹುಡುಕುತ್ತ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜಪಾನೀ ಹಡಗುಗಳು ತಿರುಗುತ್ತಿದ್ದುವು. ಇವುಗಳಲ್ಲಿ ಹಲವು ಅದಕ್ಕಿಂತ ಬಲವಾದುವು. ಎದುರುಬದುರಾಗಿದ್ದರೆ ‘ಎಂಡನ್’ ಎಂದೋ ಮುಗಿದುಹೋಗುತ್ತಿದ್ದಿತು. ಅದನ್ನು ಕಾಪಾಡಿದುದು ಉಕ್ಕಲ್ಲ, ಸಮುದ್ರದ ಬಯಲು. ಎತ್ತರದ ಕಂಬದ ಮೇಲೆ ಕುಳಿತ ಕಾವಲುಗಾರನ ಕಣ್ಣಿಗೆ ನಿಲುಕುವುದು ಸುತ್ತಲೂ ಹತ್ತಿಪ್ಪತ್ತು ಮೈಲಿ. ಮಹಾಸಾಗರವೋ ಸಾವಿರಾರು ಮೈಲಿ. ಆ ಬಯಲಿನಲ್ಲಿ ಮೌನವಾಗಿದ್ದವನು ಇಲ್ಲದವನಂತೆಯೇ. ಅದಕ್ಕಾಗಿ ಮ್ಯುಲ್ಲರನು ತನ್ನ ನಿಸ್ತಂತು ಯಂತ್ರದಿಂದ ಬೇರೆಯವರ ಮಾತನ್ನು ಹಗಲಿರುಳು ಕೇಳಿಸುತ್ತಿದ್ದನೇ ಹೊರತು ತಾನು ಆದಷ್ಟು ಮಾತನಾಡಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ತಡೆದು ಬಿಟ್ಟ ಇಟಲಿಯ ಹಡಗೊಂದು, ಎದುರಿಗೆ ಬಂದ ಇಂಗ್ಲಿಷ್ ಹಡಗಿಗೆ ಸುದ್ದಿ ಹೇಳಿತು. ಅದು ನಿಸ್ತಂತುವಿನ ಮೂಲಕ ಕಲ್ಕತ್ತೆಗೆ ತಿಳಿಸಿತು. ಅಲ್ಲಿಗೆ ಆ ಕೊಲ್ಲಿಯ ಹಡಗು ಸಂಚಾರವೇ ನಿಂತಿತು. ಸುದ್ದಿ ಬಾರದ ಕಡೆ ಹೇಗಿದ್ದಿತೆಂಬುದಕ್ಕೆ ಅಕ್ಟೋಬರಿನಲ್ಲಿ ಅದು ತಂಗಿದ ಡಿಯೆಗೊ ಗಾರ್ಸಿಯ ದ್ವೀಪವೇ ಸಾಕ್ಷಿ. ಆ ತೆಂಗಿನ ತೋಟದವರಿಗೆ ಯುದ್ಧ ಆರಂಭವಾದುದೇ ಗೊತ್ತಿರಲಿಲ್ಲ. ಅವರು ಅತಿಥಿಗಳನ್ನು ಆದರಿಸಿದರು; ಅತಿಥಿಗಳು ಅವರ ಕೆಟ್ಟುಹೋಗಿದ್ದ ಯಂತ್ರದ ದೋಣಿಯನ್ನು ರಿಪೇರಿ ಮಾಡಿಕೊಟ್ಟು, ಹಡಗಿನ ತಳವನ್ನು ಕೆರೆದುಕೊಂಡು, ಏನನ್ನೂ ಹೇಳದೆ ಹೊರಟುಹೋದರು.

ಅಕ್ಟೋಬರ್ 28ರ ಬೆಳಗಿನ ಜಾವ ಸುಳ್ಳು ಕೊಳವೆಯ ವೇಷದಲ್ಲಿಯೇ ‘ಎಂಡನ್’ ಮಲಯದ ಪೆನಾಂಗ್ ಬಂದರನ್ನು ಹೊಕ್ಕಿತು. ಹತ್ತಿರ ಬಂದ ಮೇಲೆ ಜರ್ಮನ್ ಬಾವುಟವನ್ನೇರಿಸಿ, ಲಂಗರು ಹಾಕಿ ನಿಂತಿದ್ದ ‘ಜೆಂಚುಗ್’ ಎಂಬ ರಷ್ಯನ್ ಕ್ರೂಸರಿಗೆ ಟಾರ್ಪೀಡೊ ಬಿಟ್ಟಿತು. ರಷ್ಯನ್ ಕಪ್ತಾನನು ಆ ರಾತ್ರಿ ದಡದಲ್ಲಿದ್ದನು. ಅವನ ಜನ ಮಲಗಿದ್ದರು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಹೊರಗೆ ಬರುವಾಗ ‘ಮುಸ್ಕೆ’ ಎಂಬ ಫ್ರೆಂಚ್ ಡೆಸ್ಟ್ರಾಯರು ಎದುರಾಯಿತು, ಅದನ್ನೂ ಮುಳುಗಿಸಿ, ನೀರಿನಲ್ಲಿದ್ದ ಮೂವತ್ತಾರು ಮಂದಿಯನ್ನು ಎತ್ತಿಕೊಂಡಿತು. ಯುದ್ಧನಿಯಮಗಳಿಗೆ ಇದರಲ್ಲಿ ಲೋಪವೇನೂ ಇಲ್ಲವೆಂದು ಬಲ್ಲವರು ಹೇಳುವರು. ಇರಬಹುದು. ಸಾಬೂನಿನ ಕಥೆಯನ್ನೂ ದೋಣಿ ರಿಪೇರಿಯ ಕಥೆಯನ್ನೂ ಹೇಳಿ ನಗುವವರು ನಿದ್ರೆಯಲ್ಲಿಯೇ ಮುಳುಗಿದ ಆ ಎಂಬತ್ತು ಮಂದಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ ಎಂಬುದಷ್ಟೇ ನಮ್ಮ ಮಾತು.

ಇಷ್ಟು ದಿನ ಕಾಪಾಡಿದ ಮೌನ ನವೆಂಬರ್ ತಿಂಗಳಲ್ಲಿ ಮುರಿಯಿತು. ಹಿಂದೂ ಮಹಾಸಾಗರದ ನಡುವೆ ಕೊಕೊಸ್ ಎಂಬ ದ್ವೀಪಗಳಿವೆ. ಆಸ್ಟ್ರೇಲಿಯವನ್ನು ಉಳಿದ ಲೋಕಕ್ಕೆ ಸೇರಿಸುವ ತಂತಿಗಳು ಕಡಲಿನ ತಳದಲ್ಲಿ ಹಾಯ್ದು ಬಂದು ಅಲ್ಲಿಯ ಡೈರೆಕ್ಷನ್ ಎಂಬ ಪುಟ್ಟ ದ್ವೀಪದಲ್ಲಿ ಕೂಡುತ್ತಿದ್ದುವು. ನಿಸ್ತಂತು ಕಂಬವೂ ಅಲ್ಲಿದ್ದಿತು. ಇದನ್ನು ಹಾಳುಮಾಡಬೇಕೆಂದು ಮ್ಯುಲ್ಲರನು ನವೆಂಬರ್ 9ನೆಯ ತಾರೀಖು ಬೆಳಗ್ಗೆ ಅಲ್ಲಿಗೆ ಬಂದನು. ಹಿಂದಿನ ರಾತ್ರಿಯೇ ತನ್ನ ಕಲ್ಲಿದ್ದಲ ಹಡಗಾದ ‘ಬುರೆಸ್ಕ್’ ಹಡಗನ್ನು ನಿಸ್ತಂತುವಿನಲ್ಲಿ ಕರೆದಿದ್ದನು. ಗೊತ್ತಿಲ್ಲದ ಸಂಕೇತದ ಆ ಕರೆ ಬೇರೆ ಕಿವಿಗಳಿಗೂ ಬಿದ್ದಿದ್ದಿತು. ಬೆಳಗ್ಗೆ ದ್ವೀಪದವರು ಬಂದ ಹಡಗನ್ನು ನೋಡಿ, ಅದರ ಒಂದು ಕೊಳವೆ ಸುಳ್ಳೆಂದು ಗುರುತಿಸಿ, ಬಾಗಿಲಲ್ಲಿ ಅಪರಿಚಿತವಾದ ಹಡಗು ನಿಂತಿದೆ ಎಂಬ ವಾರ್ತೆಯನ್ನೂ ಅಪಾಯದ ಕರೆಯನ್ನೂ ಆಕಾಶಕ್ಕೆ ಬಿಟ್ಟರು. ‘ಎಂಡನ್’ ಆ ಮಾತನ್ನು ಅಡಗಿಸಲು ತನ್ನ ಯಂತ್ರದಿಂದ ಗದ್ದಲ ಮಾಡಿತು. ಅಷ್ಟರಲ್ಲಿ ಮಾತು ಹೋಗಿಬಿಟ್ಟಿದ್ದಿತು.

ಲೆಫ್ಟಿನೆಂಟ್ ಫಾನ್ ಮ್ಯೂಕೆ ಐವತ್ತು ಮಂದಿಯೊಡನೆ ದಡಕ್ಕಿಳಿದನು. ಅಲ್ಲಿ ಕಾದಾಟವೇನೂ ನಡೆಯಲಿಲ್ಲ. ನಿಸ್ತಂತು ಕಂಬವನ್ನು ಸಿಡಿಮದ್ದಿನಿಂದ ಬೀಳಿಸುವಾಗ ತಮ್ಮ ಟೆನಿಸ್ ಆಟದ ಅಂಗಳದ ಮೇಲೆ ಬೀಳದಂತೆ ನೋಡಿಕೊಳ್ಳಬೇಕೆಂದು ತಂತಿ ಕಚೇರಿಯವರು ಕೇಳಿಕೊಂಡರಂತೆ. ಜರ್ಮನರು ಹಾಗೆಯೇ ಬೀಳಿಸಿದರು. ಸೌಜನ್ಯಕ್ಕೆ ಇಬ್ಬರಲ್ಲಿಯೂ ಕೊರತೆಯಿರಲಿಲ್ಲ. ಆದರೆ ಕಂಬ ಬೀಳುವ ಹೊತ್ತಿಗೆ ಅದು ತನ್ನ ಕೆಲಸವನ್ನು ಮುಗಿಸಿದ್ದಿತು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಂದ ಸೈನಿಕರನ್ನು ತುಂಬಿಕೊಂಡು ಪಶ್ಚಿಮಕ್ಕೆ ಹೋಗುತ್ತಿದ್ದ ದೊಡ್ಡದೊಂದು ಹಡಗು ಸಮೂಹ ಅದೇ ಹೊತ್ತಿನಲ್ಲಿ ಅಲ್ಲಿಂದ ಸುಮಾರು ಐವತ್ತು ಮೈಲಿ ದೂರದಲ್ಲಿದ್ದಿತು. ‘ಎಂಡನ್’ ಹಡಗಿನವರಿಗೆ ಇದು ತಿಳಿದಿರಲಿಲ್ಲ. ಕಾವಲಿಗಿದ್ದ ‘ಸಿಡ್ನಿ’ ಎಂಬ ಆಸ್ಟ್ರೇಲಿಯದ ಕ್ರೂಸರು ಕರೆಯನ್ನು ಕೇಳಿ ಹೊರಟಿತು. ದಿಗಂತದಲ್ಲಿ ಹೊಗೆ ಕಂಡಾಗ ಜರ್ಮನರು ಅದು ತಾವು ಕರೆದ ‘ಬುರೆಸ್ಕ್’ ಎಂದೇ ತಿಳಿದರು. ನಿಜ ತಿಳಿದಾಗ ದಡದಲ್ಲಿದ್ದವರನ್ನು ಕರೆದುಕೊಳ್ಳಲು ಸಮಯವಿರಲಿಲ್ಲ. ಐವತ್ತು ಮಂದಿಯನ್ನು ಬಿಟ್ಟು ಹಡಗು ಹೊರಟಿತು.

ಮುಂದಿನದು ಒಂದೂವರೆ ಗಂಟೆಯೊಳಗಿನ ಮಾತು. ‘ಸಿಡ್ನಿ’ 5,400 ಟನ್ನಿನ ಹೊಸ ಹಡಗು. ಅದರ ಎಂಟು ಫಿರಂಗಿಗಳು ಆರಂಗುಲದವು, ಒಂದೊಂದು ಗುಂಡು ನೂರು ಪೌಂಡು. ‘ಎಂಡನ್’ ಗುಂಡು ಅದರ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮೊದಲು ಹೊಡೆದವರು ಜರ್ಮನರು, ಮೊದಲು ಗುರಿ ಮುಟ್ಟಿಸಿದವರೂ ಅವರೇ. ‘ಸಿಡ್ನಿ’ ಕಪ್ತಾನ ಗ್ಲಾಸಪ್ ತನ್ನ ವೇಗವನ್ನುಪಯೋಗಿಸಿ ದೂರ ಸರಿದು, ತನ್ನ ಗುಂಡು ತಾಗುವ, ಶತ್ರುವಿನದು ತಾಗಿದರೂ ಕೆಡಿಸದ ಅಂತರದಲ್ಲಿ ನಿಂತು ಹೊಡೆದನು. ಕೊಳವೆಗಳು ಉರುಳಿದುವು, ಕಂಬ ಮುರಿಯಿತು, ಚುಕ್ಕಾಣಿ ಕೆಟ್ಟಿತು. ಹನ್ನೊಂದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಮುಳುಗಿ ಎಲ್ಲರೂ ಸಾಯುವುದಕ್ಕಿಂತ ಲೇಸೆಂದು ಮ್ಯುಲ್ಲರನು ಉತ್ತರ ಕೀಲಿಂಗ್ ದ್ವೀಪದ ಹವಳದ ದಿಬ್ಬಕ್ಕೆ ಹಡಗನ್ನು ಓಡಿಸಿ ಏರಿಸಿದನು. ‘ಸಿಡ್ನಿ’ಯಲ್ಲಿ ಸತ್ತವರು ನಾಲ್ವರು, ‘ಎಂಡನ್’ ಹಡಗಿನಲ್ಲಿ ನೂರಮೂವತ್ತಕ್ಕೂ ಮೇಲೆ. ಬಾವುಟ ಇಳಿಯಲಿಲ್ಲವೆಂಬ ಕಾರಣಕ್ಕೆ ಸಂಜೆ ‘ಸಿಡ್ನಿ’ ಹಿಂದಿರುಗಿ ಬಂದು, ದಡಕ್ಕೆ ಬಡಿದಿದ್ದ ಆ ಅವಶೇಷದ ಮೇಲೆ ಮತ್ತೆ ಗುಂಡು ಹಾರಿಸಿತು. ನಿಯಮದ ಹೆಸರಿನಲ್ಲಿ ನಡೆದ ಇನ್ನೊಂದು ಕೆಲಸ. ಗಾಯಗೊಂಡವರಿಗೆ ಸರಿಯಾದ ಸಹಾಯ ದೊರೆತುದು ಮರುದಿನ. ದಡದಲ್ಲಿ ಉಳಿದ ಐವತ್ತು ಮಂದಿ ‘ಆಯೇಷಾ’ ಎಂಬ ಹಳೆಯ ಹಾಯಿಹಡಗನ್ನು ಹಿಡಿದುಕೊಂಡು ಸುಮಾತ್ರಕ್ಕೂ, ಅಲ್ಲಿಂದ ಬೇರೆ ಹಡಗಿನಲ್ಲಿ ಅರಬ್ಬೀ ದೇಶಕ್ಕೂ ಹೋಗಿ, ಅವರಲ್ಲಿ ಹೆಚ್ಚಿನವರು 1915ರ ಬೇಸಗೆಯ ಹೊತ್ತಿಗೆ ಇಸ್ತಾಂಬೂಲನ್ನು ಸೇರಿದರು. ಉಗಿಯ ಹಡಗನ್ನು ಕಳೆದುಕೊಂಡವರು ಹಾಯಿಯಿಂದ ತಪ್ಪಿಸಿಕೊಂಡರು.

ಯುದ್ಧವಾದ ಮೇಲೆ ರಾಜ್ಯಗಳೆಲ್ಲ ಕೂಡಿ ಈ ಜಾತಿಗೆ ಒಂದು ಅಳತೆಯನ್ನು ಕಟ್ಟಿದುವು. 1922ರ ವಾಷಿಂಗ್‌ಟನ್ ಒಪ್ಪಂದದ ಪ್ರಕಾರ ಕ್ರೂಸರು 10,000 ಟನ್ನನ್ನೂ ಅದರ ಫಿರಂಗಿ ಎಂಟು ಅಂಗುಲವನ್ನೂ ಮೀರಕೂಡದು. 1930ರ ಲಂಡನ್ ಒಪ್ಪಂದ ಭಾರಿ ಕ್ರೂಸರು, ಹಗುರ ಕ್ರೂಸರು ಎಂದು ಎರಡು ಮಾಡಿತು. ಹೆಸರು ಕೇಳಿದವರು ಇದು ತೂಕದ ಭೇದವೆಂದುಕೊಳ್ಳುವರು, ಹಾಗಲ್ಲ. ಫಿರಂಗಿ 6.1 ಅಂಗುಲವನ್ನು ಮೀರಿದರೆ ಭಾರಿ, ಇಲ್ಲದಿದ್ದರೆ ಹಗುರ. ಆದುದರಿಂದ ಭಾರಿ ಎನ್ನಿಸಿಕೊಂಡುದಕ್ಕಿಂತ ಹೆಚ್ಚು ತೂಗುವ ಹಗುರ ಕ್ರೂಸರುಗಳೂ ಹುಟ್ಟಿದುವು. ಕಾಗದದ ಮೇಲೆ ಯುದ್ಧವನ್ನು ಅಳೆಯಹೊರಟರೆ ಹೀಗೆ.

ಎರಡನೆಯ ಮಹಾಯುದ್ಧದ ಆರಂಭದಲ್ಲಿ ಹಳೆಯ ಆಟ ಮತ್ತೊಮ್ಮೆ ನಡೆಯಿತು. ‘ಗ್ರಾಫ್ ಸ್ಪೇ’ ಎಂಬ ಜರ್ಮನ್ ನೌಕೆ, ಪಾಗನ್ ದ್ವೀಪದಲ್ಲಿ ನಾವು ಕಂಡ ಅಡ್ಮಿರಲನ ಹೆಸರಿನದೇ, ಹನ್ನೊಂದು ಅಂಗುಲದ ಫಿರಂಗಿಗಳನ್ನು ಹೊತ್ತು ದಕ್ಷಿಣ ಸಮುದ್ರಗಳಲ್ಲಿ ಒಂಬತ್ತು ಸರಕಿನ ಹಡಗುಗಳನ್ನು ಮುಳುಗಿಸಿತು. ಆ ಹಡಗುಗಳ ಜನರಲ್ಲಿ ಒಬ್ಬನನ್ನೂ ಕೊಲ್ಲಲಿಲ್ಲ. ಆದರೆ ಈ ಸಲ ಬಲಿಯಾಗುವ ಹಡಗಿಗೆ ಬಾಯಿ ಇದ್ದಿತು. 1939ರ ಡಿಸೆಂಬರ್ 2ರಂದು ‘ಡಾರಿಕ್ ಸ್ಟಾರ್’ ಎಂಬುದು ಮುಳುಗುವ ಮುನ್ನ ತಾನಿರುವ ಸ್ಥಳವನ್ನು ನಿಸ್ತಂತುವಿನಲ್ಲಿ ಕೂಗಿ ಹೇಳಿತು. ಕಮೊಡೋರ್ ಹಾರ್‌ವುಡ್ ಎಂಬಾತನು ಆ ಸ್ಥಳದಿಂದ ದೂರವನ್ನೂ ವೇಗವನ್ನೂ ಗುಣಿಸಿ, ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಮುಖಕ್ಕೆ ಅದು 12 ಅಥವಾ 13ನೆಯ ತಾರೀಖಿನ ಹೊತ್ತಿಗೆ ಬಂದೀತೆಂದು ಊಹಿಸಿ, ಮೂರು ಕ್ರೂಸರುಗಳೊಡನೆ ಕಾದನು. ಹದಿಮೂರರ ಬೆಳಗ್ಗೆ ಅದು ಬಂದಿತು. ‘ಎಕ್ಸಿಟರ್’ ಜರ್ಜರಿತವಾಗಿ ಅದರಲ್ಲಿ 61 ಮಂದಿ ಸತ್ತರು. ‘ಏಜಾಕ್ಸ್’, ‘ಅಕಿಲೀಸ್’ ಎಂಬ ಚಿಕ್ಕವೆರಡು ಎರಡು ಕಡೆಯಿಂದ ಕಾಡಿದುವು. ಮಾಂಟೆವಿಡಿಯೊ ಬಂದರನ್ನು ಹೊಕ್ಕ ಜರ್ಮನ್ ನೌಕೆಯ ಕಪ್ತಾನನು, ಹೊರಗೆ ದೊಡ್ಡ ಬಲ ಕಾದಿದೆಯೆಂಬ ಸುಳ್ಳು ವಾರ್ತೆಗಳನ್ನು ನಂಬಿ, 17ನೆಯ ತಾರೀಖು ತಾನೇ ತನ್ನ ಹಡಗನ್ನು ಸಿಡಿಸಿದನು. ಎರಡು ದಿನಗಳ ಮೇಲೆ ತನ್ನನ್ನೂ ಕೊಂದುಕೊಂಡನು.

ಈ ‘ಅಕಿಲೀಸ್’ ನಮಗೆ ಅಪರಿಚಿತವಲ್ಲ. 1948ರಲ್ಲಿ ಭಾರತ ಸರ್ಕಾರದವರು ಅದನ್ನು ಕೊಂಡು ‘ದೆಹಲಿ’ ಎಂದು ಹೆಸರಿಟ್ಟರು. ಸ್ವತಂತ್ರ ಭಾರತದ ಮೊದಲನೆಯ ಕ್ರೂಸರು ಅದೇ. ಪ್ಲೇಟ್ ನದಿಯ ಕದನವನ್ನು ಕುರಿತು 1956ರಲ್ಲಿ ಬಂದ ಚಲಚ್ಚಿತ್ರದಲ್ಲಿ ಅದು ತನ್ನ ಹಳೆಯ ಹೆಸರಿನಿಂದ ತನ್ನ ಪಾತ್ರವನ್ನು ತಾನೇ ಅಭಿನಯಿಸಿತು. ಮುಂದಿನ ವರ್ಷ, 1957ರ ಆಗಸ್ಟ್ 29ರಂದು, ‘ನೈಜೀರಿಯ’ ಎಂಬ ಇನ್ನೊಂದು ಇಂಗ್ಲಿಷ್ ಕ್ರೂಸರು ‘ಮೈಸೂರು’ ಎಂಬ ಹೆಸರಿನಿಂದ ನಮ್ಮ ನೌಕಾಬಲವನ್ನು ಸೇರಿತು. ಒಂಬತ್ತು ಆರಂಗುಲದ ಫಿರಂಗಿಗಳ, ಸುಮಾರು 8,500 ಟನ್ನಿನ ಈ ನೌಕೆ ಒಪ್ಪಂದದ ಲೆಕ್ಕದಲ್ಲಿ ಹಗುರ ಕ್ರೂಸರು. ಭಾರಿಯೆನ್ನಿಸಿಕೊಂಡ ‘ಎಕ್ಸಿಟರ್’ ಇದಕ್ಕಿಂತ ಹಗುರವಾಗಿದ್ದಿತು! 1942ರ ಆಗಸ್ಟಿನಲ್ಲಿ ಮಾಲ್ಟಾ ದ್ವೀಪಕ್ಕೆ ಧಾನ್ಯವನ್ನೂ ಎಣ್ಣೆಯನ್ನೂ ಒಯ್ಯುವ ಹಡಗುಗಳಿಗೆ ಬೆಂಗಾವಲಾಗಿದ್ದಾಗ ಇಟಲಿಯ ಸಬ್‌ಮೆರೀನಿನ ಟಾರ್ಪೀಡೊ ಅದಕ್ಕೆ ತಗುಲಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆ ಗಾಯವನ್ನು ಹೊತ್ತು ಬಂದ ಹಡಗಿಗೆ ಗಂಡಭೇರುಂಡದ ಲಾಂಛನವನ್ನೂ, ಎಂದಿಗೂ ಅಂಜದು ಎಂಬರ್ಥದ ಉಪನಿಷತ್ತಿನ ಮಾತನ್ನೂ ಕೊಟ್ಟರು.

1961ರ ಡಿಸೆಂಬರ್ 18ರಂದು ‘ಮೈಸೂರು’ ನೌಕೆಯೂ ‘ತ್ರಿಶೂಲ್’ ನೌಕೆಯೂ ನಮ್ಮ ಕಾರವಾರದೆದುರಿಗಿರುವ ಅಂಜದೀವಕ್ಕೆ ಹೋದುವು. ಪೋರ್ಚುಗೀಸರ ಕೈಯಲ್ಲಿದ್ದ ಆ ದ್ವೀಪದಲ್ಲಿ ಬಿಳಿಯ ಬಾವುಟ ಕಂಡು ಮುಂದೆ ಹೋದ ನಮ್ಮ ನಾವಿಕರ ಮೇಲೆ ಗುಂಡು ಹಾರಿತು; ಏಳು ಮಂದಿ ಅಲ್ಲಿ ಮಡಿದರು. ದ್ವೀಪ ವಶವಾಯಿತು. ಹತ್ತು ವರ್ಷಗಳ ಮೇಲೆ, 1971ರ ಯುದ್ಧದಲ್ಲಿ, ‘ಮೈಸೂರು’ ಪಶ್ಚಿಮದ ನೌಕಾಪಡೆಯ ಮುಖ್ಯ ನೌಕೆಯಾಗಿ ಸೇನಾಪತಿಯ ಬಾವುಟವನ್ನು ಹೊತ್ತಿದ್ದಿತು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯೆದುರಿಗೆ ‘ಖೈಬರ್’ ಎಂಬ ಡೆಸ್ಟ್ರಾಯರನ್ನು ಮುಳುಗಿಸಿದುದು ಆ ದೊಡ್ಡ ಫಿರಂಗಿಗಳಲ್ಲ. ಇನ್ನೂರು ಟನ್ನಿನ ಆಸುಪಾಸಿನ ಸಣ್ಣ ದೋಣಿಗಳಿಂದ ಹಾರಿದ ಕ್ಷಿಪಣಿಗಳು. ಹನ್ನೊಂದು ವರ್ಷಗಳಾದ ಮೇಲೆ, 1982ರ ಮೇ 2ರಂದು, ಅರ್ಜೆಂಟೀನದ ‘ಜನರಲ್ ಬೆಲ್‌ಗ್ರಾನೊ’ ಎಂಬ ಹಳೆಯ ಕ್ರೂಸರು, ಕಣ್ಣಿಗೆ ಕಾಣದೆ ಹಿಂಬಾಲಿಸುತ್ತಿದ್ದ ಇಂಗ್ಲಿಷ್ ಸಬ್‌ಮೆರೀನಿನ ಟಾರ್ಪೀಡೊಗೆ ಸಿಕ್ಕಿ, 323 ಮಂದಿಯೊಡನೆ ಮುಳುಗಿತು. ಅಡಗುವ ಬಯಲು ಆಗಲೇ ಉಳಿದಿರಲಿಲ್ಲ. ಮೇಲೆ ವಿಮಾನ, ಅದಕ್ಕೂ ಮೇಲೆ ಉಪಗ್ರಹ, ಕೆಳಗೆ ಸಬ್‌ಮೆರೀನು, ಎಲ್ಲವನ್ನೂ ಕ್ಷಣದಲ್ಲಿ ಎಲ್ಲರಿಗೂ ಹೇಳುವ ನಿಸ್ತಂತು.

‘ದೆಹಲಿ’ 1978ರಲ್ಲಿ ನಿವೃತ್ತವಾಯಿತು. ಅದರ ಫಿರಂಗಿಯ ಗೋಪುರವೊಂದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ನೌಕಾನೆಲೆಯ ಬಾಗಿಲಲ್ಲಿ ಇದೆ. ‘ಮೈಸೂರು’ 1985ರ ಆಗಸ್ಟಿನಲ್ಲಿ ಬಾವುಟವನ್ನಿಳಿಸಿತು. ಆ ಹೆಸರನ್ನೂ ಗಂಡಭೇರುಂಡವನ್ನೂ 1999ರಲ್ಲಿ ಮುಂಬಯಿಯ ಮಜಗಾಂವ್ ಕಟ್ಟೆಯಲ್ಲಿ ನಿರ್ಮಾಣವಾದ ಹೊಸ ನೌಕೆಯೊಂದಕ್ಕೆ ಕೊಟ್ಟರು. ಅದರ ತೂಕ ಆರುಸಾವಿರ ಟನ್ನಿಗೂ ಮೇಲೆ, ಎಂದರೆ ಮದರಾಸಿನ ಮೇಲೆ ಗುಂಡೆಸೆದ ‘ಎಂಡನ್’ ಹಡಗಿನ ಒಂದೂವರೆ ಪಾಲಿಗಿಂತ ಹೆಚ್ಚು. ಆದರೂ ಅದನ್ನು ಯಾರೂ ಕ್ರೂಸರ್ ಎಂದು ಕರೆಯುವುದಿಲ್ಲ. ನೌಕಾಬಲದ ಪಟ್ಟಿಯಲ್ಲಿ ಅದು ಡೆಸ್ಟ್ರಾಯರ್.